ಯೂರಿಯಾ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಾದರೆ ಹೂತಿಟ್ಟ ಬಟ್ಟೆಯನ್ನು ತಿಂದವರು ಯಾರು?

ಪ್ರಶ್ನೆ: ಎರೆಮಣ್ಣು

ಎಲ್ಲರಿಗೂ ನಮಸ್ಕಾರ. ರಾಸಾಯನಿಕ ಗೊಬ್ಬರ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಸಾವಯವ ಗೊಬ್ಬರ ಅವುಗಳನ್ನು ಬೆಳೆಸುತ್ತದೆ ಎಂಬ ಮಾತನ್ನು ನಾನೂ ತರಗತಿಯಲ್ಲಿ ಹೇಳಿಕೊಂಡೇ ಬಂದವನು. ಹೇಳಿದ್ದನ್ನು ಒಮ್ಮೆ ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸೋಣವೆಂದು ಹೊರಟು, ಈಗ ನಾನೇ ಗೊಂದಲಕ್ಕೆ ಬಿದ್ದಿದ್ದೇನೆ.

ನಮ್ಮಲ್ಲಿ ಐದು ವರ್ಷಗಳಿಂದ ಒಂದೇ ಕ್ರಮದಲ್ಲಿ ನಡೆಸಿಕೊಂಡು ಬಂದಿರುವ ಮೂರು ಪಾತಿಗಳಿವೆ. ಒಂದಕ್ಕೆ ಪ್ರತಿ ಬೆಳೆಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡನೆಯದಕ್ಕೆ ಯೂರಿಯಾ, ಸೂಪರ್ ಫಾಸ್ಫೇಟ್ ಮತ್ತು ಪೊಟ್ಯಾಷ್, ಮೂರನೆಯದಕ್ಕೆ ಏನೂ ಇಲ್ಲ. ಅಂಗೈಯಗಲದ ಬಿಳಿ ಹತ್ತಿ ಬಟ್ಟೆಯ ತುಂಡುಗಳನ್ನು, ಅಂಚಿನ ಎಳೆ ಬಿಚ್ಚದಂತೆ ಹೊಲಿಸಿ, ಮೂರೂ ಪಾತಿಗಳಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತೆವು. ಅದೇ ವಾರ ಎರಡನೆಯ ಪಾತಿಗೆ ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಟ್ಟಿದ್ದೆವು. ಎಲ್ಲಕ್ಕೂ ಒಂದೇ ಅಳತೆಯ ನೀರು ಕೊಟ್ಟು, ಐದು ವಾರಗಳ ನಂತರ ಅಗೆದು ತೆಗೆದೆವು.

ಏನೂ ಹಾಕದ ಪಾತಿಯ ಬಟ್ಟೆಯ ಮೇಲೆ ಅಲ್ಲಲ್ಲಿ ಹಳದಿ ಮತ್ತು ತಿಳಿಗುಲಾಬಿ ಬಣ್ಣದ ಕಲೆಗಳು ಮೂಡಿದ್ದವಾದರೂ ಅದರ ಆಕಾರ ಹಾಗೆಯೇ ಉಳಿದಿತ್ತು. ಎಳೆದರೆ ಮಾತ್ರ ಹರಿಯುತ್ತಿತ್ತು. ಕೊಟ್ಟಿಗೆ ಗೊಬ್ಬರದ ಪಾತಿಯದು ಜಾಳುಜಾಳಾಗಿ ಜರಡಿಯಂತಾಗಿತ್ತು. ಯೂರಿಯಾ ಪಾತಿಯಲ್ಲಿ ಬಟ್ಟೆ ಎಂದು ಹೇಳಬಹುದಾದದ್ದು ಏನೂ ಉಳಿದಿರಲಿಲ್ಲ. ಅಂಚಿಗೆ ಹಾಕಿದ್ದ ಪಾಲಿಯೆಸ್ಟರ್ ದಾರ ಚೌಕಾಕಾರದಲ್ಲಿ ಮಣ್ಣಿಗೆ ಅಂಟಿಕೊಂಡಿತ್ತು, ಅಷ್ಟೇ. ಜೀವಿಗಳೆಲ್ಲ ಸತ್ತಿವೆ ಎಂದು ನಾನು ಹೇಳಿದ್ದ ಪಾತಿಯಲ್ಲೇ ಬಟ್ಟೆ ಎಲ್ಲಕ್ಕಿಂತ ಬೇಗ ಮಾಯವಾದದ್ದನ್ನು ಕಂಡ ವಿದ್ಯಾರ್ಥಿಯೊಬ್ಬಳು, ‘ಹಾಗಾದರೆ ಇದನ್ನು ತಿಂದವರು ಯಾರು?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಪ್ರಯೋಗದಲ್ಲಿಯೇ ದೋಷವಿದೆಯೇ, ಅಥವಾ ನಾನು ಇಷ್ಟು ವರ್ಷ ಹೇಳುತ್ತಿದ್ದ ಮಾತೇ ತಪ್ಪೇ? ದೀರ್ಘಕಾಲದ ಪ್ರಯೋಗಗಳು ಈ ಬಗ್ಗೆ ಏನು ಹೇಳುತ್ತವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೇರುಗಂಟು

ನಿಮ್ಮ ಪ್ರಯೋಗದಲ್ಲಿ ದೋಷವಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಯೇ ಬೇರೆ, ಬಟ್ಟೆ ಕೊಟ್ಟ ಉತ್ತರವೇ ಬೇರೆ. ಹತ್ತಿ ಬಟ್ಟೆ ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ಅದರಲ್ಲಿ ಇಂಗಾಲ ಧಾರಾಳವಾಗಿದೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸೂಕ್ಷ್ಮಜೀವಿಯ ಮೈಯಲ್ಲಾದರೋ ಸುಮಾರು 8 ಭಾಗ ಇಂಗಾಲಕ್ಕೆ 1 ಭಾಗ ಸಾರಜನಕ ಇರಲೇಬೇಕು. ತಿಂದ ಇಂಗಾಲದಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಮಾತ್ರ ಮೈಗೆ ಹತ್ತಿ, ಉಳಿದದ್ದು ಉಸಿರಾಟದಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುವುದರಿಂದ, ಆಹಾರದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 24ಕ್ಕೆ 1ರ ಆಸುಪಾಸಿನಲ್ಲಿದ್ದರೆ ಅವುಗಳ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಬಡವಾದ ಆಹಾರ ಸಿಕ್ಕಾಗ ಅವು ಕೊರತೆಯ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳುತ್ತವೆ. ಕಳಿಯದ ಒಣಹುಲ್ಲನ್ನು ಮಣ್ಣಿಗೆ ಸೇರಿಸಿದ ಕೂಡಲೇ ಬೆಳೆ ಹಳದಿಗೆ ತಿರುಗುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಪಾತಿಗಳಿಗೆ ಬನ್ನಿ. ಮೂರು ಕಡೆಯೂ ನೀವು ಬಟ್ಟೆಯ ರೂಪದಲ್ಲಿ ಇಂಗಾಲದ ಔತಣ ಬಡಿಸಿದಿರಿ, ಆದರೆ ಅದನ್ನು ಅರಗಿಸಿಕೊಳ್ಳಲು ಬೇಕಾದ ಸಾರಜನಕ ಕೂಡಲೇ ಕೈಗೆ ಸಿಗುವಂತಿದ್ದದ್ದು ಯೂರಿಯಾ ಪಾತಿಯಲ್ಲಿ ಮಾತ್ರ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವಿದ್ದರೂ ಅದರ ಹೆಚ್ಚಿನ ಪಾಲು ಜಟಿಲ ಸಂಯುಕ್ತಗಳಲ್ಲಿ ಸಿಕ್ಕಿಕೊಂಡಿದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದ ನಿಮ್ಮ ಬಟ್ಟೆ ಅಳೆದದ್ದು ಸೂಕ್ಷ್ಮಜೀವಿಗಳ ಸಂಖ್ಯೆಯನ್ನಲ್ಲ, ಆ ಐದು ವಾರಗಳಲ್ಲಿ ಅವುಗಳಿಗೆ ಎಷ್ಟು ಸಾರಜನಕ ಲಭ್ಯವಿತ್ತು ಎಂಬುದನ್ನು. ಆದರೂ ಒಂದು ಸಂಗತಿ ಖಚಿತವಾಯಿತು: ಯೂರಿಯಾ ಬಿದ್ದ ಮಣ್ಣಿನಲ್ಲಿ ಸೆಲ್ಯುಲೋಸ್ ಒಡೆಯುವ ಜೀವಿಗಳು ಸತ್ತಿರಲಿಲ್ಲ, ಇಂಗಾಲಕ್ಕಾಗಿ ಹಸಿದು ಕುಳಿತಿದ್ದವು.

ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಈ ಹಸಿವಿನಲ್ಲಿಯೇ ಇದೆ. ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಶಕ್ತಿ ದೊರೆಯುವುದು ಇಂಗಾಲದಿಂದ. ಯೂರಿಯಾ, ಸೂಪರ್ ಫಾಸ್ಫೇಟ್, ಪೊಟ್ಯಾಷ್ ಇವು ಯಾವುವೂ ಆ ಶಕ್ತಿಯನ್ನು ಕೊಡಲಾರವು. (ರಸಾಯನಶಾಸ್ತ್ರದ ಲೆಕ್ಕದಲ್ಲಿ ಯೂರಿಯಾ ಒಂದು ಸಾವಯವ ಸಂಯುಕ್ತವೇ ಹೌದು, ಅದರ ತೂಕದಲ್ಲಿ ಶೇ. 46 ಸಾರಜನಕದ ಜೊತೆಗೆ ಶೇ. 20 ಇಂಗಾಲವೂ ಇದೆ. ಆದರೆ ಆ ಇಂಗಾಲ ಯಾರ ಹೊಟ್ಟೆಯನ್ನೂ ತುಂಬಿಸದೆ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ.) ಹಾಗಾದರೆ ರಾಸಾಯನಿಕ ಗೊಬ್ಬರದಿಂದ ಸೂಕ್ಷ್ಮಜೀವಿಗಳಿಗೆ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಸುತ್ತುಬಳಸಿನ ದಾರಿಯಲ್ಲಿ: ಗೊಬ್ಬರದಿಂದ ಬೆಳೆ ಹುಲುಸಾಗುತ್ತದೆ, ಬೇರು ಹೆಚ್ಚುತ್ತದೆ, ಬೇರು ಸ್ರವಿಸುವ ಸಕ್ಕರೆಗಳೂ ಕೊಯ್ಲಿನ ನಂತರ ಉಳಿಯುವ ಕೂಳೆಯೂ ಹೆಚ್ಚುತ್ತವೆ, ಅದೆಲ್ಲವೂ ಅವುಗಳಿಗೆ ಆಹಾರ.

ಲೋಕದ ಬೇರೆ ಬೇರೆ ಕಡೆಗಳ 64 ದೀರ್ಘಕಾಲಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಗೈಸ್ಲರ್ ಮತ್ತು ಸ್ಕೋ ನಡೆಸಿದ ವಿಶ್ಲೇಷಣೆಯಲ್ಲಿ ಕಂಡದ್ದು ಇದನ್ನೇ. ಏನೂ ಹಾಕದ ಮಣ್ಣಿಗೆ ಹೋಲಿಸಿದಾಗ ರಾಸಾಯನಿಕ ಗೊಬ್ಬರ ಪಡೆದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಒಟ್ಟು ಜೀವರಾಶಿ (ಅಂದರೆ ಅವೆಲ್ಲವುಗಳ ಒಟ್ಟು ತೂಕ) ಸರಾಸರಿ ಶೇ. 15ರಷ್ಟು ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಅದರಲ್ಲೂ 20 ವರ್ಷ ಮೀರಿದ ಪ್ರಯೋಗಗಳಲ್ಲಿ ಏರಿಕೆ ಇನ್ನೂ ದೊಡ್ಡದಾಗಿತ್ತು. ಈ ಸರಾಸರಿಯ ಒಳಗೆ ಒಂದು ದೊಡ್ಡ ಅಪವಾದ ಅಡಗಿದೆ. ಅದು ಮಣ್ಣಿನ ರಸಸಾರಕ್ಕೆ (pH, ಅಂದರೆ ಹುಳಿ-ಕ್ಷಾರಗಳ ಅಳತೆ; ಅಂಕ ಇಳಿದಷ್ಟೂ ಹುಳಿ ಹೆಚ್ಚು) ಸಂಬಂಧಿಸಿದ್ದು. ಅದನ್ನು ಬಲ್ಲವರು ಇಲ್ಲಿದ್ದಾರೆ, ಅವರೇ ಬರೆಯಲಿ.

ಹಾಗೆಂದು ಎರಡೂ ಗೊಬ್ಬರಗಳು ಸರಿಸಮಾನವೆಂದು ತಿಳಿಯಬಾರದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗದಲ್ಲಿ ಒಂದು ಪಟ್ಟಿಗೆ ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಬೀಳುತ್ತ ಬಂದಿದೆ. ಆ ಪಟ್ಟಿಯ ಮಣ್ಣಿನಲ್ಲಿ ಸಾವಯವ ಇಂಗಾಲ ಗೊಬ್ಬರವಿಲ್ಲದ ಪಟ್ಟಿಯ ಇಮ್ಮಡಿಗಿಂತಲೂ ಹೆಚ್ಚು. ಸೂಕ್ಷ್ಮಜೀವಿಗಳ ಜೀವರಾಶಿಯೂ ಅದಕ್ಕೆ ತಕ್ಕಂತೆ ಏರಿದೆ. ಕೇವಲ ರಾಸಾಯನಿಕ ಗೊಬ್ಬರ ಬಿದ್ದ ಪಟ್ಟಿಗಳಲ್ಲಿ ಕೂಳೆ ಮತ್ತು ಬೇರುಗಳ ಕೃಪೆಯಿಂದ ಅಲ್ಪಸ್ವಲ್ಪ ಏರಿಕೆಯಾಗಿದೆ. ಮಣ್ಣಿನ ಸಾವಯವ ಇಂಗಾಲದಲ್ಲಿ ಜೀವಂತ ಸೂಕ್ಷ್ಮಜೀವಿಗಳ ಪಾಲು ಸಾಮಾನ್ಯವಾಗಿ ನೂರಕ್ಕೆ ಕೆಲವೇ ಭಾಗವಷ್ಟೇ ಆದ್ದರಿಂದ, ಇಂಗಾಲದ ರಾಶಿ ಬೆಳೆಯದೆ ಅವುಗಳ ಸಂಸಾರ ಬೆಳೆಯದು.

ಈ ಜೀವರಾಶಿಯನ್ನು ಅಳೆಯುವ ವಿಧಾನವೂ ಸ್ವಾರಸ್ಯಕರವಾಗಿದೆ. ಜೆಂಕಿನ್ಸನ್ ಮತ್ತು ಪೌಲ್ಸನ್ 1976ರಲ್ಲಿ ರೂಪಿಸಿದ ಕ್ರಮದಲ್ಲಿ ಮಣ್ಣನ್ನು ಒಂದು ದಿನ ಕ್ಲೋರೋಫಾರ್ಮ್ ಆವಿಯಲ್ಲಿಟ್ಟು ಒಳಗಿನ ಜೀವಿಗಳನ್ನು ಸಾಯಿಸುತ್ತಾರೆ. ಆವಿಯನ್ನು ಹೊರತೆಗೆದು, ಚಿಟಿಕೆಯಷ್ಟು ತಾಜಾ ಮಣ್ಣನ್ನು ಬೆರೆಸಿ, ಹೊಸ ಜೀವಿಗಳು ಹಳೆಯ ಹೆಣಗಳನ್ನು ತಿಂದು ಹತ್ತು ದಿನಗಳಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಅಳೆಯುತ್ತಾರೆ. ಎಷ್ಟು ತಿಂದವೋ ಅದರಿಂದ ಎಷ್ಟು ಸತ್ತಿದ್ದವು ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ವಿಧಾನ ನನಗೆ ತೋಚುತ್ತಿಲ್ಲ.

ಉತ್ತರ: ಹುಳಿನೆಲ

ಮೇಲಿನವರು ನನಗಾಗಿಯೇ ಬಿಟ್ಟಂತಿರುವ ರಸಸಾರದ ವಿಷಯಕ್ಕೆ ಬರುತ್ತೇನೆ. ಅದೇ 64 ಪ್ರಯೋಗಗಳ ವಿಶ್ಲೇಷಣೆಯಲ್ಲಿ, ಗೊಬ್ಬರ ಹಾಕಿದ ಮಣ್ಣಿನ ರಸಸಾರ 5ಕ್ಕಿಂತ ಕೆಳಗಿದ್ದಲ್ಲಿ ಸೂಕ್ಷ್ಮಜೀವಿಗಳ ಜೀವರಾಶಿ ಕುಗ್ಗುವ ಕಡೆಗೆ ವಾಲಿತ್ತು. ‘ರಾಸಾಯನಿಕ ಗೊಬ್ಬರ ಕೊಲ್ಲುತ್ತದೆ’ ಎಂಬ ಮಾತಿನಲ್ಲಿ ನಿಜವಿದ್ದರೆ ಅದು ಹೆಚ್ಚಾಗಿ ಇಲ್ಲಿದೆ, ಮತ್ತು ಇಲ್ಲಿ ಹಾನಿ ಮಾಡುವುದು ಗೊಬ್ಬರಕ್ಕಿಂತ ಮಿಗಿಲಾಗಿ ಅದು ವರ್ಷಗಟ್ಟಲೆ ಬಿಟ್ಟುಹೋಗುವ ಹುಳಿ.

ಈ ಹುಳಿಯನ್ನು ತಯಾರಿಸುವವರು ಸ್ವತಃ ಸೂಕ್ಷ್ಮಜೀವಿಗಳೇ ಎಂಬುದು ವಿಚಿತ್ರವಾದರೂ ನಿಜ. ಅಮೋನಿಯಂ ಮಣ್ಣಿಗೆ ಬಿದ್ದೊಡನೆ ನೈಟ್ರೀಕರಣ ಮಾಡುವ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆಯೇ ಕಾಣುವ ಇನ್ನೊಂದು ಬಗೆಯ ಏಕಕೋಶ ಜೀವಿಗಳು) ಅದನ್ನು ಉತ್ಕರ್ಷಿಸಿ ನೈಟ್ರೇಟ್ ಮಾಡುತ್ತವೆ; ಒಂದೊಂದು ಅಮೋನಿಯಂ ಅಯಾನಿಗೂ ಎರಡೆರಡು ಹೈಡ್ರೋಜನ್ ಅಯಾನುಗಳು ಮಣ್ಣಿಗೆ ಬಿಡುಗಡೆಯಾಗುತ್ತವೆ. ಯೂರಿಯಾದಲ್ಲಿ ಈ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಯೂರಿಯೇಸ್ ಕಿಣ್ವ ಅದನ್ನು ಒಡೆಯುವ ಹಂತದಲ್ಲಿ ಸ್ವಲ್ಪ ಆಮ್ಲ ಖರ್ಚಾಗುತ್ತದೆ. ಹಾಗಾಗಿ ಸಾರಜನಕದ ಪ್ರಮಾಣ ಒಂದೇ ಆಗಿದ್ದರೆ ಅಮೋನಿಯಂ ಸಲ್ಫೇಟ್ ಯೂರಿಯಾದ ಎರಡರಷ್ಟು ಹುಳಿಯನ್ನು ತರಬಲ್ಲದು. ಕ್ಯಾಲ್ಸಿಯಂ ನೈಟ್ರೇಟ್ ಹುಳಿ ತರುವುದಿಲ್ಲ. ಇವೆಲ್ಲವನ್ನೂ ‘ರಾಸಾಯನಿಕ’ ಎಂಬ ಒಂದೇ ಮೂಟೆಗೆ ಕಟ್ಟಿಬಿಟ್ಟರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇದರ ಫಲವನ್ನು ಬರಿಗಣ್ಣಿನಲ್ಲಿ ನೋಡಬಹುದಾದ ಜಾಗವೂ ರೋಥಮ್‌ಸ್ಟೆಡ್‌ನಲ್ಲೇ ಇದೆ. ಪಾರ್ಕ್ ಗ್ರಾಸ್ ಎಂಬ ಹುಲ್ಲುಗಾವಲಿನ ಪ್ರಯೋಗವನ್ನು ಅಲ್ಲಿನ ವಿಜ್ಞಾನಿಗಳಾದ ಲಾಸ್ ಮತ್ತು ಗಿಲ್ಬರ್ಟ್ 1856ರಲ್ಲಿ ಆರಂಭಿಸಿದರು. ಅಲ್ಲಿ ಹುಳಿ ತಗ್ಗಿಸುವ ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನು ದೊಡ್ಡ ಪ್ರಮಾಣದಲ್ಲಿ ಪಡೆಯುತ್ತ ಬಂದ ತುಂಡುಗಳ ರಸಸಾರ 4ಕ್ಕಿಂತ ಕೆಳಗಿಳಿಯಿತು. ಎರೆಹುಳುಗಳು ಕಾಣೆಯಾದವು. ಸತ್ತ ಹುಲ್ಲು ಕೊಳೆಯದೆ ವರ್ಷದ ಮೇಲೆ ವರ್ಷ ಪದರವಾಗಿ ಕೂಡುತ್ತ, ಮಣ್ಣಿನ ಮೇಲೆ ಕಂಬಳಿ ಹೊದಿಸಿದಂತೆ ಕಂದುಬಣ್ಣದ ಹಾಸು ಬೆಳೆಯಿತು. ನಿಮ್ಮ ಬಟ್ಟೆಯನ್ನು ಅಲ್ಲಿ ಹೂತಿದ್ದರೆ ಫಲಿತಾಂಶ ಬೇರೆಯೇ ಆಗಿರುತ್ತಿತ್ತು ಎಂಬುದು ನನ್ನ ಅಂದಾಜು. ಅದೇ ಹುಲ್ಲುಗಾವಲಿನಲ್ಲಿ ಸಾರಜನಕವನ್ನು ಸೋಡಿಯಂ ನೈಟ್ರೇಟ್ ರೂಪದಲ್ಲಿ ಪಡೆದ ತುಂಡುಗಳು ಈ ಗತಿಗೆ ಬರಲಿಲ್ಲ. ಸಾರಜನಕ ಎರಡು ಕಡೆಯೂ ಚೀಲದ್ದೇ, ಅಂದರೆ ರಾಸಾಯನಿಕ ಗೊಬ್ಬರದ್ದೇ. ಒಂದು ಕಡೆ ಹುಳಿ ಬಂತು, ಇನ್ನೊಂದು ಕಡೆ ಬರಲಿಲ್ಲ.

ಬರೀ ರಸಸಾರದ ಪ್ರಭಾವವನ್ನು ಬಿಡಿಸಿ ನೋಡಲು ಅಲ್ಲಿಯೇ ಹೂಸ್‌ಫೀಲ್ಡ್ ಎಂಬ ಜಾಗದಲ್ಲಿ ಒಂದು ಪಟ್ಟಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಸುಣ್ಣದ ಮಣ್ಣನ್ನು ಏರುಪೇರಾಗಿ ಹರಡಿದ್ದರಿಂದ, ಸುಮಾರು 180 ಮೀಟರ್ ಉದ್ದಕ್ಕೆ ರಸಸಾರ 8.3ರಿಂದ 4ರವರೆಗೆ ಹಂತಹಂತವಾಗಿ ಇಳಿಯುತ್ತದೆ. ಮಣ್ಣಿನ ಉಳಿದ ಗುಣಗಳಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಅಂದಿನ ಆ ಅಸಡ್ಡೆ ಇಂದಿನವರಿಗೆ ವರವಾಯಿತು. 2009 ಮತ್ತು 2010ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ರಸಸಾರ 8.3ರಿಂದ 4.5ಕ್ಕೆ ಇಳಿಯುವಾಗ ಬ್ಯಾಕ್ಟೀರಿಯಾಗಳ ಬೆಳವಣಿಗೆ ಐದನೆಯ ಒಂದು ಭಾಗಕ್ಕೆ ಕುಸಿಯುತ್ತದೆ, ಶಿಲೀಂಧ್ರಗಳ ಬೆಳವಣಿಗೆ ಐದು ಪಟ್ಟು ಏರುತ್ತದೆ, 4.5ರ ಕೆಳಗೆ ಎರಡೂ ಸೋಲುತ್ತವೆ. ರಸಸಾರ 4ರಿಂದ 8ಕ್ಕೆ ಹೋಗುವಾಗ ಬ್ಯಾಕ್ಟೀರಿಯಾಗಳ ವೈವಿಧ್ಯ ಬಹುಮಟ್ಟಿಗೆ ಇಮ್ಮಡಿಯಾಗುತ್ತದೆ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದು ವರ್ಷಗಳ ಕಥೆ. ಗಂಟೆ ಮತ್ತು ದಿನಗಳ ಕಥೆ ಬೇರೆ. ಯೂರಿಯಾ ಕಾಳೊಂದು ಒದ್ದೆ ಮಣ್ಣಿನಲ್ಲಿ ಕರಗುವಾಗ ಅದರ ಸುತ್ತಲಿನ ಸಣ್ಣ ವಲಯದಲ್ಲಿ ರಸಸಾರ ಮೊದಲು ಮೇಲಕ್ಕೇರುತ್ತದೆ, ಅಮೋನಿಯಾ ದಟ್ಟವಾಗುತ್ತದೆ, ಜೀವಕೋಶಗಳಿಂದ ನೀರನ್ನು ಹೊರಗೆಳೆಯುವ ಲವಣದ ಸೆಳೆತ ಹೆಚ್ಚುತ್ತದೆ. ಅಷ್ಟು ಜಾಗದಲ್ಲಿರುವ ಅನೇಕ ಜೀವಿಗಳಿಗೆ ಅದು ನಿಜಕ್ಕೂ ಮಾರಕ. ಆದರೆ ಆ ವಲಯ ಚಿಕ್ಕದು, ಸ್ಥಿತಿ ತಾತ್ಕಾಲಿಕ. ಪಕ್ಕದ ಮಣ್ಣಿನಿಂದ ಜೀವಿಗಳು ಮತ್ತೆ ಹರಡಿಕೊಳ್ಳುತ್ತವೆ. ಬೀಜದ ಪಕ್ಕದಲ್ಲೇ ಯೂರಿಯಾ ಸುರಿದು ಮೊಳಕೆ ಸುಟ್ಟುಹೋದದ್ದನ್ನು ಕಂಡವರು ಇಡೀ ಹೊಲದ ಮಣ್ಣೇ ಸತ್ತಿತೆಂದು ತಿಳಿಯುವುದು ಸಹಜ.

ಎರೆಮಣ್ಣು ಅವರಲ್ಲಿ ಒಂದು ವಿನಂತಿ: ನಿಮ್ಮ ಮೂರು ಪಾತಿಗಳ ರಸಸಾರವನ್ನು ಅಳೆದು ಇಲ್ಲಿ ತಿಳಿಸಿ. ಅದಿಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ.

ಮರುಪ್ರಶ್ನೆ: ಎರೆಮಣ್ಣು

ಇಬ್ಬರಿಗೂ ಕೃತಜ್ಞತೆಗಳು. ರಸಸಾರ ಅಳೆದೆವು. ಕೊಟ್ಟಿಗೆ ಗೊಬ್ಬರದ ಪಾತಿಯೂ ಏನೂ ಹಾಕದ ಪಾತಿಯೂ ಹೆಚ್ಚುಕಡಿಮೆ ಒಂದೇ ಅಂಕ ತೋರಿಸಿದವು. ಯೂರಿಯಾ ಪಾತಿಯದು ಅವುಗಳಿಗಿಂತ ಅರ್ಧ ಅಂಕದಷ್ಟು ಕೆಳಗಿದೆ, ಆದರೆ 5ರ ಗಡಿಯಿಂದ ಇನ್ನೂ ಮೇಲಿದೆ. ಬಟ್ಟೆ ಅಷ್ಟು ಬೇಗ ಕರಗಿದ್ದು ಹೇಗೆಂಬುದು ಈಗ ತಿಳಿಯಿತು.

ಆದರೆ ನೀವಿಬ್ಬರೂ ಹೆಚ್ಚಾಗಿ ಮಾತನಾಡಿದ್ದು ಸೂಕ್ಷ್ಮಜೀವಿಗಳು ಎಷ್ಟಿವೆ ಎಂಬುದರ ಬಗ್ಗೆ. ಯಾರ್ಯಾರಿದ್ದಾರೆ ಎಂಬುದು ಬದಲಾಗುವುದಿಲ್ಲವೇ? ಊರಿನ ಜನಸಂಖ್ಯೆ ಅಷ್ಟೇ ಇದ್ದು ಊರಿನವರೇ ಬದಲಾಗಿಬಿಟ್ಟರೆ ಅದೇ ಊರು ಎನ್ನಲಾಗುವುದೇ?

ಉತ್ತರ: ಜಾಲತಂತು

ನಿಮ್ಮ ಮರುಪ್ರಶ್ನೆ ಮೊದಲ ಪ್ರಶ್ನೆಗಿಂತ ಒಳ್ಳೆಯದು. ಬದಲಾಗುತ್ತದೆ, ಮತ್ತು ನನ್ನ ಮಟ್ಟಿಗೆ ಗಮನಿಸಬೇಕಾದ ನಷ್ಟಗಳು ಇಲ್ಲಿಯೇ ಇವೆ.

ಮೈಕೊರೈಜಾ ಶಿಲೀಂಧ್ರಗಳಿಂದ ಆರಂಭಿಸುತ್ತೇನೆ. ಇವು ಬೇರಿನೊಳಗೆ ಅರ್ಧ, ಮಣ್ಣಿನಲ್ಲಿ ಅರ್ಧ ಬದುಕುತ್ತವೆ. ಬೇರು ತಲುಪಲಾರದ ಸಂದುಗಳಿಂದ ರಂಜಕವನ್ನು ಗಿಡಕ್ಕೆ ತಂದುಕೊಟ್ಟು, ಕೂಲಿಯಾಗಿ ಸಕ್ಕರೆ ಮತ್ತು ಕೊಬ್ಬನ್ನು ಪಡೆಯುತ್ತವೆ. ಸೂಪರ್ ಫಾಸ್ಫೇಟಿನಂಥ ಗೊಬ್ಬರದ ಕರಗುವ ರಂಜಕ ಬೇರಿನ ಬುಡದಲ್ಲೇ ಯಥೇಚ್ಛವಾಗಿ ಸಿಕ್ಕಿದರೆ ಗಿಡಕ್ಕೆ ಈ ಕೂಲಿಯಾಳು ಬೇಕಾಗುವುದಿಲ್ಲ, ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಬೇರಿನೊಳಗೆ ಶಿಲೀಂಧ್ರ ವಿರಳವಾಗುತ್ತದೆ. ಸ್ವಿಟ್ಜರ್ಲೆಂಡಿನ ಥೆರ್ವಿಲ್‌ನಲ್ಲಿ 1978ರಿಂದ ನಡೆಯುತ್ತಿರುವ ಡಾಕ್ ಎಂಬ ಹೋಲಿಕೆ ಪ್ರಯೋಗದ 21 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ಸಾವಯವ ಕ್ರಮದ ಬೆಳೆಗಳಲ್ಲಿ ಮೈಕೊರೈಜಾ ನೆಲೆಸಿದ ಬೇರಿನ ಉದ್ದ ಸಾಂಪ್ರದಾಯಿಕ (ಅಂದರೆ ರಾಸಾಯನಿಕಗಳನ್ನು ಬಳಸುವ ಇಂದಿನ ರೂಢಿಯ) ಕ್ರಮಕ್ಕಿಂತ ಶೇ. 40ರಷ್ಟು ಹೆಚ್ಚಾಗಿತ್ತು. ಇಳುವರಿ ಸಾವಯವದಲ್ಲಿ ಶೇ. 20ರಷ್ಟು ಕಡಿಮೆ ಇತ್ತು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿ ಗೊಬ್ಬರವಷ್ಟೇ ಅಲ್ಲದೆ ಕೀಟನಾಶಕಗಳ ಬಳಕೆಯೂ ಬೇರೆಯಾಗಿದ್ದುದರಿಂದ ಎಲ್ಲ ವ್ಯತ್ಯಾಸವನ್ನೂ ಗೊಬ್ಬರದ ತಲೆಗೆ ಕಟ್ಟಲಾಗದು.

ಎರಡನೆಯದು ದ್ವಿದಳ ಸಸ್ಯಗಳ ಬೇರುಗಂಟು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಮನೆ. ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಾದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ ಎಂಬುದು ಬಹುಕಾಲದಿಂದ ಗೊತ್ತು. ನನ್ನನ್ನು ಬೆಚ್ಚಿಬೀಳಿಸಿದ್ದು 2015ರ ಒಂದು ಅಧ್ಯಯನ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 22 ವರ್ಷ ಸಾರಜನಕ ಗೊಬ್ಬರ ಪಡೆದ ಮಣ್ಣಿನಿಂದಲೂ ಪಡೆಯದ ಪಕ್ಕದ ಮಣ್ಣಿನಿಂದಲೂ ರೈಜೋಬಿಯಂ ಎಂಬ ಈ ಗಂಟು ಕಟ್ಟುವ ಬ್ಯಾಕ್ಟೀರಿಯಾದ ತಳಿಗಳನ್ನು ಹೆಕ್ಕಿ, ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡಗಳಿಗೆ ಸೇರಿಸಿ ನೋಡಿದಾಗ, ಗೊಬ್ಬರದ ಮಣ್ಣಿನ ತಳಿಗಳನ್ನು ಪಡೆದ ಗಿಡಗಳು ಸೊರಗಿ ಬೆಳೆದವು. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಗಂಟನ್ನೂ ಕಟ್ಟಿದವು, ಆದರೆ ತಲೆಮಾರುಗಳ ಮೇಲೆ ತಲೆಮಾರು ಕಳೆದು ಒಳ್ಳೆಯ ಪಾಲುದಾರರಾಗಿ ಉಳಿದಿರಲಿಲ್ಲ. ಕ್ಲೋರೋಫಾರ್ಮ್ ವಿಧಾನದಲ್ಲಿ ಅಳೆದರೆ ಇಂಥ ಬದಲಾವಣೆಯ ಸುಳಿವೂ ಸಿಗುವುದಿಲ್ಲ.

ಉಳಿದ ಬಹುಸಂಖ್ಯೆಯ ಬ್ಯಾಕ್ಟೀರಿಯಾಗಳಲ್ಲಿ ಸ್ಥೂಲವಾಗಿ ಎರಡು ಸ್ವಭಾವ. ಊಟ ಬಂದಾಗ ಮುಗಿಬಿದ್ದು ತಿಂದು ವೇಗವಾಗಿ ಹೆಚ್ಚುವವು ಕೆಲವು. ಬರಗಾಲದಲ್ಲೂ ಮಿತವಾಗಿ ತಿಂದು ನಿಧಾನವಾಗಿ ಬಾಳುವವು ಇನ್ನು ಕೆಲವು. ನಾಲ್ಕು ಖಂಡಗಳ 25 ಹುಲ್ಲುಗಾವಲುಗಳಲ್ಲಿ ಸಾರಜನಕ ಮತ್ತು ರಂಜಕ ಸೇರಿಸಿ ನಡೆಸಿದ, 2015ರಲ್ಲಿಯೇ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಬಗೆಯವು ಹೆಚ್ಚಿ ಎರಡನೆಯ ಬಗೆಯವು ಇಳಿದವು, ಮೈಕೊರೈಜಾ ಕೂಡ ಇಳಿಯಿತು. ಹಸಿ ಸಗಣಿ ಹಾಕಿದಾಗಲೂ ಮುಗಿಬೀಳುವವರ ಗುಂಪೇ ಮೊದಲು ಉಕ್ಕುತ್ತದೆ ಎಂಬುದನ್ನು ಮರೆಯಬಾರದು.

ಅಮೋನಿಯಂ ಗೊಬ್ಬರದಿಂದ ನೇರವಾಗಿ ಹೊಟ್ಟೆ ತುಂಬಿಸಿಕೊಳ್ಳುವ ಒಂದು ವರ್ಗವೂ ಇದೆ, ಅವೇ ಹುಳಿನೆಲ ಅವರು ಹೇಳಿದ ನೈಟ್ರೀಕರಣದವು. ಅವುಗಳಿಗೆ ಶಕ್ತಿಗಾಗಿ ಸಾವಯವ ಇಂಗಾಲ ಬೇಡ, ಅಮೋನಿಯಂ ಅನ್ನೇ ಉರಿಸಿ ಬದುಕುತ್ತವೆ. ಅವು ಮಾಡಿಟ್ಟ ನೈಟ್ರೇಟನ್ನು, ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಇಂಗಾಲವೂ ದೊರೆತಾಗ, ಮತ್ತೊಂದು ಗುಂಪು ಅನಿಲವಾಗಿಸಿ ಹಾರಿಬಿಡುತ್ತದೆ; ಅದರಲ್ಲಿ ಒಂದಂಶ ನೈಟ್ರಸ್ ಆಕ್ಸೈಡ್. ನೈಟ್ರೇಟ್ ಚೀಲದಿಂದ ಬಂತೋ ತಿಪ್ಪೆಯಿಂದ ಬಂತೋ ಎಂದು ಈ ಗುಂಪು ವಿಚಾರಿಸುವುದಿಲ್ಲ.

ಡಿಎನ್‌ಎ ವರದಿಗಳನ್ನು ಓದುವಾಗ ಒಂದು ಮಾತು ನೆನಪಿರಲಿ. ಸತ್ತ ಕೋಶಗಳ ಡಿಎನ್‌ಎ ಮಣ್ಣಿನ ಕಣಗಳಿಗೆ ಅಂಟಿಕೊಂಡು ಉಳಿದುಬಿಡುತ್ತದೆ. 2016ರ ಒಂದು ಅಧ್ಯಯನದಲ್ಲಿ ಮಣ್ಣಿನಿಂದ ತೆಗೆದ ಸೂಕ್ಷ್ಮಜೀವಿಗಳ ಡಿಎನ್‌ಎಯಲ್ಲಿ ಸರಾಸರಿ ಶೇ. 40ರಷ್ಟು ಇಂಥ ಪಳೆಯುಳಿಕೆಯೇ ಆಗಿತ್ತು. ಮತದಾರರ ಪಟ್ಟಿಯಲ್ಲಿ ತೀರಿಕೊಂಡವರ ಹೆಸರುಗಳೂ ಇರುವಂತೆ.

ಆಕ್ಷೇಪ: ಹಸಿರೆಲೆ

ಮೂವರ ಉತ್ತರಗಳನ್ನೂ ಓದಿದೆ. ಮಾಹಿತಿ ಸರಿಯಿರಬಹುದು, ಆದರೆ ಒಟ್ಟಾರೆ ಧಾಟಿ ರಾಸಾಯನಿಕ ಗೊಬ್ಬರದ ವಕಾಲತ್ತಿನಂತಿದೆ. ಶೇ. 15ರ ಏರಿಕೆ ಎಂದು ಹೇಳುವಾಗ ಅದು ಏನೂ ಹಾಕದ, ಹಸಿದ ಮಣ್ಣಿಗೆ ಹೋಲಿಸಿದ್ದು ಎಂಬುದನ್ನು ಓದುಗರು ಮರೆಯುತ್ತಾರೆ. ನಿಜವಾದ ಆಯ್ಕೆ ಇರುವುದು ಗೊಬ್ಬರ ಹಾಕುವುದು ಅಥವಾ ಬಿಡುವುದರ ನಡುವೆ ಅಲ್ಲ, ಯಾವ ಗೊಬ್ಬರ ಎಂಬುದರಲ್ಲಿ. ಆ ಹೋಲಿಕೆಯಲ್ಲಿ ಸಾವಯವದ್ದೇ ಮೇಲುಗೈ ಎಂದು ನೇರವಾಗಿ ಹೇಳಲು ಏಕೆ ಹಿಂಜರಿಕೆ?

ಉತ್ತರ: ಬೇರುಗಂಟು

ಹಸಿರೆಲೆ ಅವರ ಆಕ್ಷೇಪದ ಮೊದಲ ಭಾಗವನ್ನು ಒಪ್ಪುತ್ತೇನೆ. ಹೋಲಿಕೆ ಯಾವುದರೊಂದಿಗೆ ಎಂಬುದನ್ನು ನಾನು ಇನ್ನಷ್ಟು ಒತ್ತಿ ಹೇಳಬೇಕಿತ್ತು. ನೇರ ಹೋಲಿಕೆಯೂ ಇದೆ. 2017ರಲ್ಲಿ 56 ಪ್ರಬಂಧಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾವಯವ ಕೃಷಿಯ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಜೀವರಾಶಿ ಮತ್ತು ಕಿಣ್ವಗಳ ಚಟುವಟಿಕೆ, ಯಾವುದನ್ನು ಅಳೆದರು ಎಂಬುದಕ್ಕೆ ತಕ್ಕಂತೆ, ಸಾಂಪ್ರದಾಯಿಕ ಕೃಷಿಗಿಂತ ಶೇ. 32ರಿಂದ 84ರಷ್ಟು ಹೆಚ್ಚಾಗಿದ್ದವು. ಇದನ್ನು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ನಾನು ಒಪ್ಪದಿರುವುದು ಇದರಿಂದ ‘ಒಂದು ಅಮೃತ, ಇನ್ನೊಂದು ವಿಷ’ ಎಂಬ ತೀರ್ಮಾನಕ್ಕೆ ಜಿಗಿಯುವುದನ್ನು. ಕೊಟ್ಟಿಗೆ ಗೊಬ್ಬರದ ಜೊತೆಗೆ ಬರುವ ಅತಿಥಿಗಳೆಲ್ಲರೂ ಒಳ್ಳೆಯವರಲ್ಲ. ಹಂದಿ ಮತ್ತು ಕೋಳಿಗಳ ಆಹಾರದಲ್ಲಿ ಬೆರೆಸಿದ ತಾಮ್ರ ಮತ್ತು ಸತುವಿನ ಬಹುಭಾಗ ಅವುಗಳ ಹಿಕ್ಕೆಯಲ್ಲೇ ಹೊರಬಂದು, ವರ್ಷಗಳ ಬಳಕೆಯಿಂದ ಮಣ್ಣಿನಲ್ಲಿ ಶೇಖರವಾಗುತ್ತದೆ. ಲೋಹಗಳು ಇಂಗಾಲದಂತೆ ಕೊಳೆತು ಹೋಗುವುದಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರತಿಜೈವಿಕ ಔಷಧಗಳನ್ನೇ ಪಡೆಯದ ಹಸುಗಳ ಗೊಬ್ಬರ ಹಾಕಿದಾಗಲೂ, ಮಣ್ಣಿನಲ್ಲಿ ಮೊದಲಿನಿಂದಲೇ ಇದ್ದ ಔಷಧನಿರೋಧಕ ಬ್ಯಾಕ್ಟೀರಿಯಾಗಳು ಆ ಔತಣದಲ್ಲಿ ಉಕ್ಕಿ ಬೆಳೆದವು. ರಾಸಾಯನಿಕ ಗೊಬ್ಬರದ ಮಣ್ಣಿನಲ್ಲಿ ಹಾಗಾಗಲಿಲ್ಲ. ಸೂಕ್ಷ್ಮಜೀವಿ ಹೆಚ್ಚಾಯಿತು ಎಂಬ ಒಂದೇ ಮಾತಿಗೆ ಸಂತೋಷಪಡುವವರು ಯಾವುದು ಹೆಚ್ಚಾಯಿತು ಎಂದು ಕೇಳಿಕೊಳ್ಳಬೇಕು. ಹಾಗೆಯೇ ಚೆನ್ನಾಗಿ ಕಳಿತ ಗೊಬ್ಬರ, ಹಸಿ ಸಗಣಿ, ಹಸಿರೆಲೆ, ಒಣಹುಲ್ಲು ಎಲ್ಲವೂ ‘ಸಾವಯವ’ವೇ, ಮಣ್ಣಿನೊಳಗೆ ಅವು ಮಾಡುವ ಕೆಲಸ ಒಂದೇ ಅಲ್ಲ.

ಎರಡನ್ನೂ ಬೆರೆಸಿ ಬಳಸಿದ ಮಣ್ಣುಗಳಲ್ಲಿ ಸೂಕ್ಷ್ಮಜೀವಿಗಳ ಜೀವರಾಶಿ ಕೇವಲ ರಾಸಾಯನಿಕ ಬಳಸಿದ ಮಣ್ಣಿಗಿಂತ ಮೇಲಿರುವುದು ಸಾಮಾನ್ಯ. ಗೊಬ್ಬರದ ಇಂಗಾಲ ಹೊಟ್ಟೆ ತುಂಬಿಸುತ್ತದೆ, ಅದರಲ್ಲಿರುವ ಕ್ಷಾರಗುಣ ಹುಳಿಯನ್ನು ತಡೆಯುತ್ತದೆ, ಚೀಲದ ಸಾರಜನಕ ಬೆಳೆಗೆ ಬೇಕಾದ ಹೊತ್ತಿಗೆ ಸಿಗುತ್ತದೆ. ನನ್ನ ಒಲವು ಈ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರೆಮಣ್ಣು:

ಮುಂದಿನ ಬೆಳೆಗೆ ಹೀಗೆ ಮಾಡಲು ಯೋಚಿಸಿದ್ದೇವೆ. ಪ್ರತಿ ಪಾತಿಯಲ್ಲಿ ಎರಡೆರಡು ಬಗೆಯ ಬಟ್ಟೆ ಹೂಳುತ್ತೇವೆ: ಒಂದು ಒಣ ಬಟ್ಟೆ, ಇನ್ನೊಂದು ತೆಳುವಾದ ಯೂರಿಯಾ ದ್ರಾವಣದಲ್ಲಿ ಅದ್ದಿದ್ದು. ಅದ್ದಿದ ಬಟ್ಟೆಗಳು ಮೂರೂ ಪಾತಿಗಳಲ್ಲಿ ಒಂದೇ ವೇಗದಲ್ಲಿ ಕರಗಿದರೆ ಕಳೆದ ಸಲ ಗೆದ್ದದ್ದು ಸಾರಜನಕವೆಂದು ಸ್ಪಷ್ಟವಾಗುತ್ತದೆ; ಕೊಟ್ಟಿಗೆ ಗೊಬ್ಬರದ ಪಾತಿಯಲ್ಲಿ ಅದ್ದಿದ ಬಟ್ಟೆ ಎಲ್ಲಕ್ಕಿಂತ ಬೇಗ ಮಾಯವಾದರೆ ಅಲ್ಲಿ ತಿನ್ನುವ ಬಾಯಿಗಳೂ ಹೆಚ್ಚಿವೆ ಎಂದು ತಿಳಿಯಬಹುದು. ಯೂರಿಯಾ ಪಾತಿಯ ಅರ್ಧ ಭಾಗಕ್ಕೆ ಸುಣ್ಣ ಹಾಕಿ ನೋಡುತ್ತೇವೆ. ಇದರಲ್ಲಿ ಲೋಪವಿದ್ದರೆ ತಿಳಿಸಿ.

ಬೇರುಗಂಟು:

ಕ್ರಮ ಚೆನ್ನಾಗಿದೆ. ಐದು ವಾರ ಕಾಯದೆ ಎರಡು, ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ಒಂದೊಂದು ತುಂಡನ್ನು ತೆಗೆಯುವಂತೆ ಹೆಚ್ಚು ತುಂಡುಗಳನ್ನು ಹೂಳಿ. ಎಲ್ಲವೂ ಕರಗಿಹೋದ ಮೇಲೆ ಅಗೆದರೆ ಯಾವುದು ಮೊದಲು ಕರಗಿತೆಂದು ತಿಳಿಯುವುದಿಲ್ಲ. ಸುಣ್ಣವನ್ನು ಬಟ್ಟೆ ಹೂಳುವ ದಿನ ಹಾಕಬೇಡಿ, ಅದು ಮಣ್ಣಿನೊಂದಿಗೆ ಬೆರೆತು ರಸಸಾರ ನೆಲೆಗೊಳ್ಳಲು ಕೆಲವು ವಾರ ಬೇಕು. ಅಂಚಿಗೆ ಪಾಲಿಯೆಸ್ಟರ್ ದಾರವನ್ನೇ ಹಾಕಿಸಿ. ಬಟ್ಟೆ ಉಳಿಯದಿದ್ದರೂ ಹೂತ ಜಾಗವಾದರೂ ಸಿಗುತ್ತದೆ.